ತೊಳೆದಷ್ಟೂ ಉಳಿಯುವ ಕೊಳೆ

ಸಾಬೂನಿನ ಜಾಹೀರಾತುಗಳು ಶೇ 99.9ರಷ್ಟು ಕೀಟಾಣುಗಳನ್ನು ಕೊಲ್ಲುವ ಭರವಸೆ ನೀಡುತ್ತವೆ. ನಾವು ಆ ಸಂಖ್ಯೆಯನ್ನು ಕಂಡು ನಿಶ್ಚಿಂತರಾಗುತ್ತೇವೆ. ಆದರೆ ಉಳಿದ ಶೇ 0.1ರ ಬಗ್ಗೆಯೇ ಹಗಲಿರುಳು ಕೊರಗುವವರೂ ನಮ್ಮ ನಡುವೆ ಇದ್ದಾರೆ.

ನನ್ನ ಬಂಧುಗಳಲ್ಲೊಬ್ಬರು ಕೈ ತೊಳೆದು ನಲ್ಲಿ ನಿಲ್ಲಿಸುತ್ತಾರೆ. ನಲ್ಲಿಯನ್ನು ಮುಟ್ಟಿದ ಕೈ ಮತ್ತೆ ಅಶುದ್ಧವಾಯಿತೆಂದು ನಲ್ಲಿಯನ್ನೂ ಕೈಯನ್ನೂ ಮತ್ತೊಮ್ಮೆ ತೊಳೆಯುತ್ತಾರೆ. ಬೆರಳುಗಳ ಸಂದಿ ಬಿರಿದು ರಕ್ತ ಜಿನುಗಿದರೂ ಇದು ನಿಲ್ಲದು. ಹಾಲಿನ ಪೊಟ್ಟಣಕ್ಕೆ, ನಾಣ್ಯಕ್ಕೆ, ಮಕ್ಕಳ ಪುಸ್ತಕಕ್ಕೂ ಸ್ನಾನವಾಗಬೇಕು. ಇದು ಅತಿಯೆಂಬುದು ಅವರಿಗೇ ಗೊತ್ತು. ಗೊತ್ತಿದ್ದೂ ಬಿಡಲಾಗದಿರುವುದೇ ಅವರ ಸಂಕಟ. ಬಳಗದವರು ಮಾತ್ರ ಬಹುಕಾಲ ‘ಅವರು ಬಹಳ ಮಡಿ’ ಎಂದು ಹೆಮ್ಮೆಪಟ್ಟರು.

ಮಡಿಗೂ ಈ ವ್ಯಾಧಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಮಡಿಯ ಹೆಸರಿನಲ್ಲಿ ನಡೆದ ಅನ್ಯಾಯಗಳ ಮಾತು ಹಾಗಿರಲಿ, ಅದಕ್ಕೊಂದು ಮುಕ್ತಾಯವುಂಟು. ಸ್ನಾನ ಮಾಡಿ, ಗಳುವಿನ ಮೇಲೆ ಒಣಗಿದ ಬಟ್ಟೆಯುಟ್ಟರೆ ಮಡಿಯಾಯಿತು. ಗೀಳಿಗೆ ಅಂಥ ಮುಕ್ತಾಯವಿಲ್ಲ. ಅಮೆರಿಕದ ನರರೋಗ ತಜ್ಞ ವಿಲಿಯಂ ಹ್ಯಾಮಂಡ್ 1879ರಲ್ಲಿ ಈ ಭಯವನ್ನು ‘ಮೈಸೋಫೋಬಿಯಾ’ ಎಂದು ಕರೆದ. ಇಂದಿನ ಮನೋವೈದ್ಯರು ಇದನ್ನು ಬಹುಮಟ್ಟಿಗೆ ಗೀಳು ಮನೋವ್ಯಾಧಿ, ಅಂದರೆ ಒಸಿಡಿಯ ಒಂದು ರೂಪವೆಂದು ಪರಿಗಣಿಸುತ್ತಾರೆ.

ಸ್ವಚ್ಛತೆಯ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ವೈದ್ಯರಿಂದ ಕೈ ತೊಳೆಸಿ ಬಾಣಂತಿಯರ ಸಾವನ್ನು ಗಣನೀಯವಾಗಿ ತಗ್ಗಿಸಿದ. 2020ರ ಕೋವಿಡ್ ಕಾಲದಲ್ಲಿ ಇಪ್ಪತ್ತು ಸೆಕೆಂಡು ಕೈ ತೊಳೆಯುವುದು ಎಲ್ಲರ ಕರ್ತವ್ಯವಾಗಿತ್ತು. ಅಲ್ಲಿ ತೊಳೆಯುವುದಕ್ಕೆ ಕಾರಣವೂ ಇತ್ತು, ಮಿತಿಯೂ ಇತ್ತು. ಗೀಳಿನಲ್ಲಿ ತೊಳೆಯುವುದು ಕೊಳೆಯನ್ನಲ್ಲ, ಸಂಶಯವನ್ನು. ಸಂಶಯವು ನೀರಿಗೆ ಹೋಗುವಂಥದ್ದೇ?

ತೊಳೆದೊಡನೆ ಕ್ಷಣಕಾಲ ನೆಮ್ಮದಿ ದೊರೆಯುತ್ತದೆ. ತೊಳೆದುದರಿಂದಲೇ ಪಾರಾದೆ ಎಂದು ಮನಸ್ಸು ಪಾಠ ಕಲಿಯುತ್ತದೆ. ಮುಂದಿನ ಸಲ ಭಯ ಇನ್ನಷ್ಟು ಬಲವಾಗಿ ಮರಳುತ್ತದೆ. ಮನೆಯವರು ಕರುಣೆಯಿಂದಲೇ ಇದಕ್ಕೆ ಕೈಜೋಡಿಸುತ್ತಾರೆ: ಬಾಗಿಲಲ್ಲೇ ಬಟ್ಟೆ ಬದಲಿಸುತ್ತಾರೆ, ‘ನಿಜವಾಗಿಯೂ ಶುದ್ಧವಾಗಿದೆಯೇ?’ ಎಂಬ ಪ್ರಶ್ನೆಗೆ ನೂರು ಬಾರಿ ‘ಹೌದು’ ಎನ್ನುತ್ತಾರೆ. ಪ್ರತಿಯೊಂದು ‘ಹೌದು’ ಗೀಳಿಗೆ ಉಣಿಸಿದ ತುತ್ತಾಗುತ್ತದೆ. ಗದರುವುದರಿಂದಲೂ ಪ್ರಯೋಜನವಿಲ್ಲ, ಅದು ರೋಗಿಯ ನಾಚಿಕೆಯನ್ನಷ್ಟೇ ಹೆಚ್ಚಿಸುತ್ತದೆ.

ಸಮಾಧಾನದ ಸಂಗತಿಯೆಂದರೆ, ಇದಕ್ಕೆ ಚಿಕಿತ್ಸೆಯಿದೆ. ಬಾಗಿಲ ಹಿಡಿಯನ್ನು ಮುಟ್ಟಿ, ತೊಳೆಯದೆ ಕುಳಿತುಕೊಳ್ಳುವುದನ್ನು ತಜ್ಞರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ಅಭ್ಯಾಸ ಮಾಡಿಸಲಾಗುತ್ತದೆ. ಆತಂಕ ಏರುತ್ತದೆ, ಬಳಿಕ ತೊಳೆಯದೆಯೇ ತಾನಾಗಿ ಇಳಿಯುತ್ತದೆ. ಲಂಡನ್ನಿನ ವಿಕ್ಟರ್ ಮೇಯರ್ 1966ರಲ್ಲಿ ಈ ವಿಧಾನಕ್ಕೆ ತಳಹದಿ ಹಾಕಿದರು. ಔಷಧಗಳೂ ನೆರವಾಗುತ್ತವೆ, ಆದರೆ ಅವು ಪರಿಣಾಮ ತೋರಲು ಹಲವು ವಾರ ಬೇಕು. ಎಲ್ಲರೂ ಸಂಪೂರ್ಣ ಗುಣಮುಖರಾಗುತ್ತಾರೆಂದಲ್ಲ. ಆದರೂ ಅನೇಕರಿಗೆ ಬದುಕು ಮರಳಿ ದಕ್ಕುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಶೇಷ ಚಿಕಿತ್ಸಾಲಯವಿದೆ. 2022ರಲ್ಲಿ ಆರಂಭವಾದ ‘ಟೆಲಿ ಮನಸ್’ ಸಹಾಯವಾಣಿಯ ಸಂಖ್ಯೆ 14416.

ಮಧುಮೇಹವನ್ನು ನಾವು ಯಾರದೇ ಶೀಲವೆಂದು ಹೊಗಳುವುದಿಲ್ಲ, ಹಠವೆಂದು ಹಳಿಯುವುದೂ ಇಲ್ಲ. ಗೀಳಿನ ವಿಷಯದಲ್ಲಿ ಎರಡನ್ನೂ ಮಾಡುತ್ತಾ ಬಂದಿದ್ದೇವೆ. ಬಿರಿದ ಕೈಗಳನ್ನು ಕಂಡಾಗ ಮೆಚ್ಚುಗೆಯನ್ನೂ ಗೇಲಿಯನ್ನೂ ಬದಿಗಿರಿಸಿ ವೈದ್ಯರ ಬಳಿಗೆ ಜೊತೆಯಾಗಿ ಹೋಗುವುದೇ ನಿಜವಾದ ಆಪ್ತತೆ.