ಬಾಡಿಗೆ ವಾಹನದ ಇಂಧನ ಲೆಕ್ಕ: ಸಹಿ ಹಾಕುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಬೆಳುಂಕಿ: ದೀಪಾವಳಿ ಹಾಗೂ ಬೇಸಿಗೆಯ ರಜೆ ಬಂತೆಂದರೆ ಜತ್ತ ತಾಲ್ಲೂಕಿನ ಹಳ್ಳಿಗಳಿಂದ ಕುಟುಂಬಗಳು ಪ್ರವಾಸಕ್ಕೆ ಹೊರಡುತ್ತವೆ. ನಾಲ್ಕು ಮನೆಯವರು ಸೇರಿ ಕ್ರೂಸರ್ ಗೊತ್ತು ಮಾಡಿಕೊಂಡು ಸವದತ್ತಿ, ಬಾದಾಮಿ, ಪಟ್ಟದಕಲ್ಲು, ಹಂಪಿ ನೋಡಿ ಬರುತ್ತಾರೆ. ಗೋವೆಗೆ ಹೋದವರಲ್ಲಿ ಕೆಲವರು ತಾವೇ ಓಡಿಸುವ ಕಾರನ್ನು ಬಾಡಿಗೆಗೆ ಪಡೆಯುತ್ತಾರೆ. ಕನ್ನಡ ಶಾಲೆಯಲ್ಲಿ ಕಲಿತು ಹೊರದೇಶದಲ್ಲಿ ನೌಕರಿಗಿರುವ ಮಕ್ಕಳು ತಂದೆತಾಯಿಯರನ್ನು ಕರೆಸಿಕೊಂಡು ಅಲ್ಲಿಯ ಬಾಡಿಗೆ ಕಾರಿನಲ್ಲಿ ಊರು ತೋರಿಸುವುದೂ ಈಗ ಅಪರೂಪವಲ್ಲ. ಬಾಡಿಗೆ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಇಂಧನ ಯಾರ ಖರ್ಚು, ಅದನ್ನು ಅಳೆಯುವುದು ಹೇಗೆ, ದರ ಯಾವುದು ಎಂದು ಕೇಳುವವರು ಕಡಿಮೆ. ಜಗಳ ಹುಟ್ಟುವುದು ಅಲ್ಲಿಯೇ.

ನನ್ನ ಅನುಭವವೂ ಇದೇ. ಒಂದು ರಜೆಯಲ್ಲಿ ಕುಟುಂಬದೊಡನೆ ಹೋದಾಗ ಬಾಡಿಗೆಗೆ ಪಡೆದ ಕಾರನ್ನು ನಸುಕಿನಲ್ಲಿ ಮರಳಿಸಿದೆ. ಮುಳ್ಳು ಮೊದಲಿದ್ದಲ್ಲಿಯೇ ಇದೆಯೆಂಬುದು ನನ್ನ ನಂಬಿಕೆ. ಕಾಲು ಟ್ಯಾಂಕ್ ಕಡಿಮೆಯಾಗಿದೆ ಎಂಬುದು ಅವರ ವಾದ. ಪಡೆಯುವಾಗಿನ ಫೋಟೋ ನನ್ನಲ್ಲಿರಲಿಲ್ಲ. ಠೇವಣಿಯಿಂದ 1,400 ರೂಪಾಯಿ ಮುರಿದುಕೊಂಡರು. ಸಹಿ ನನ್ನದೇ ಆಗಿದ್ದರಿಂದ ಮಾತಾಡಲು ಬಾಯಿರಲಿಲ್ಲ.

ತಾವೇ ಓಡಿಸುವ ಕಾರು: ಮೂರು ಪದ್ಧತಿಗಳು

ಹೊರದೇಶದಲ್ಲಾಗಲಿ ನಮ್ಮಲ್ಲಾಗಲಿ, ಚಾಲಕನಿಲ್ಲದ ಬಾಡಿಗೆ ಕಾರಿನ ಇಂಧನ ಕರಾರು ಸಾಮಾನ್ಯವಾಗಿ ಮೂರು ಬಗೆಯದು.

ಮೊದಲನೆಯದು ತುಂಬಿದ ಟ್ಯಾಂಕ್ ಪಡೆದು ತುಂಬಿಸಿಯೇ ಮರಳಿಸುವುದು. ಕರಾರು ಪತ್ರಗಳಲ್ಲಿ ಇದನ್ನು 'ಫುಲ್ ಟು ಫುಲ್' ಎನ್ನುತ್ತಾರೆ. ನೆರೆಮನೆಯಿಂದ ಜೋಳದ ಹಿಟ್ಟನ್ನು ಒಂದು ಬಟ್ಟಲಿನಲ್ಲಿ ಕಡ ತಂದವರು ಅದೇ ಬಟ್ಟಲಿನಲ್ಲಿ ಅಳೆದು ಹಿಂದಿರುಗಿಸುವಂತೆಯೇ ಇದು. ಸುಟ್ಟಷ್ಟಕ್ಕೇ ಹಣ ಕೊಟ್ಟಂತಾಗುತ್ತದೆ. ಗಿರಾಕಿಗೆ ಇದು ಹೆಚ್ಚು ನ್ಯಾಯವಾದ ಪದ್ಧತಿ.

ಎರಡನೆಯದು ಪಡೆದ ಮಟ್ಟದಲ್ಲಿಯೇ ಮರಳಿಸುವುದು. ತತ್ತ್ವ ಒಂದೇ ಆದರೂ ಅರ್ಧ, ಕಾಲು, ಮುಕ್ಕಾಲು ಎಂಬುದನ್ನು ಮುಳ್ಳು ನೋಡಿಯೇ ನಿರ್ಧರಿಸಬೇಕಾದ್ದರಿಂದ ವಿವಾದಕ್ಕೆ ಆಸ್ಪದ ಹೆಚ್ಚು.

ಮೂರನೆಯದು ಟ್ಯಾಂಕಿನ ಇಂಧನಕ್ಕೆ ಮೊದಲೇ ಹಣ ಕಟ್ಟಿಸಿಕೊಳ್ಳುವುದು. ಕಾರನ್ನು ಖಾಲಿ ಮಾಡಿ ತಂದರೂ ಕೇಳುವವರಿಲ್ಲ. ಆದರೆ ಉಳಿದ ಇಂಧನಕ್ಕೆ ಹಣ ಸಾಮಾನ್ಯವಾಗಿ ಮರಳುವುದಿಲ್ಲ. ಕಾರನ್ನು ಬರಿದಾದ ಟ್ಯಾಂಕಿನೊಡನೆ ಕೊಟ್ಟು, ಗಿರಾಕಿ ತುಂಬಿಸಿ ಉಳಿಸಿದ್ದನ್ನು ತಾವೇ ಇಟ್ಟುಕೊಳ್ಳುವ ರೂಢಿಯೂ ಇದರ ಸಂಬಂಧಿಯೇ.

ಲೆಕ್ಕ ಮಾಡಿ ನೋಡೋಣ. ಟ್ಯಾಂಕ್ 45 ಲೀಟರ್, ಇಂಧನ ದರ ಲೀಟರಿಗೆ 100 ರೂಪಾಯಿ, ಕಾರು ಲೀಟರಿಗೆ 15 ಕಿ.ಮೀ. ಓಡುತ್ತದೆ ಎಂದುಕೊಳ್ಳಿ. ಓಡಿದ್ದು 300 ಕಿ.ಮೀ. ಆದರೆ ಸುಟ್ಟದ್ದು 20 ಲೀಟರ್. ಮೊದಲನೆಯ ಪದ್ಧತಿಯಲ್ಲಿ ಖರ್ಚು 2,000 ರೂಪಾಯಿ, ಮೂರನೆಯದರಲ್ಲಿ 4,500. ಉಳಿದ 25 ಲೀಟರಿನ ಬೆಲೆ ಕಂಪನಿಯ ಪಾಲು. ಟ್ಯಾಂಕನ್ನು ಪೂರ್ತಿ ಸುಡುವಷ್ಟು ದೂರದ ಪ್ರಯಾಣವಿದ್ದರೆ ಮಾತ್ರ ಮೂರನೆಯದರಲ್ಲಿ ನಷ್ಟವಿಲ್ಲ.

ಮೊದಲ ಪದ್ಧತಿಯಲ್ಲಿಯೂ ಒಂದು ಎಚ್ಚರ ಬೇಕು. ತುಂಬಿಸದೆ ಮರಳಿಸಿದರೆ ಕಂಪನಿಯೇ ತುಂಬಿಸಿ, ಪಂಪಿನ ದರಕ್ಕಿಂತ ಹೆಚ್ಚಿನ ದರ ಹಾಗೂ ಅದರ ಮೇಲೆ ಸೇವಾ ಶುಲ್ಕವನ್ನು ಹಾಕಬಹುದು. ಆದ್ದರಿಂದ ಮರಳಿಸುವ ಸ್ಥಳಕ್ಕೆ ಹತ್ತಿರದ ಪಂಪಿನಲ್ಲಿಯೇ ತುಂಬಿಸಿ, ಸಮಯ ನಮೂದಿಸಿದ ರಸೀದಿಯನ್ನು ಇಟ್ಟುಕೊಳ್ಳಬೇಕು.

ಭಾಷೆ ಬಾರದ ಪಂಪಿನಲ್ಲಿ

ಹೊರದೇಶದಲ್ಲಿ ಇನ್ನೊಂದು ಅಪಾಯವಿದೆ: ಹೆಸರಿನ ಗೊಂದಲ. ಅಮೆರಿಕದಲ್ಲಿ 'ಗ್ಯಾಸ್' ಎಂದರೆ ಸಿಲಿಂಡರಿನ ಅನಿಲವಲ್ಲ, ಪೆಟ್ರೋಲ್. ಅಲ್ಲಿ ಮಾರುವುದು ಗ್ಯಾಲನ್ ಲೆಕ್ಕದಲ್ಲಿ. ಒಂದು ಅಮೆರಿಕನ್ ಗ್ಯಾಲನ್ ಸುಮಾರು 3.785 ಲೀಟರ್. ಜರ್ಮನಿಯಲ್ಲಿ ಪೆಟ್ರೋಲಿಗೆ 'ಬೆನ್ಜಿನ್' ಎನ್ನುತ್ತಾರೆ. ಸ್ಪೇನಿನಲ್ಲಿ 'ಗಸೊಲಿನಾ' ಪೆಟ್ರೋಲ್ ಆದರೆ 'ಗಸೋಲಿಯೊ' ಡೀಸೆಲ್. ತಪ್ಪು ಇಂಧನ ತುಂಬಿಸಿ ಎಂಜಿನ್ ಕೆಟ್ಟರೆ ಆ ವೆಚ್ಚ ಬಹುತೇಕ ಬಾಡಿಗೆಗೆ ಪಡೆದವರ ತಲೆಯ ಮೇಲೆಯೇ ಬರುತ್ತದೆ.

ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2018ರ ಅಕ್ಟೋಬರಿನಿಂದ ಇದಕ್ಕೊಂದು ಉಪಾಯ ಜಾರಿಯಲ್ಲಿದೆ. ಪಂಪಿನ ಮೇಲೂ ಹೊಸ ವಾಹನಗಳ ಇಂಧನ ಮುಚ್ಚಳದ ಬಳಿಯೂ ಒಂದೇ ಗುರುತು ಇರುತ್ತದೆ: ಪೆಟ್ರೋಲಿಗೆ ವೃತ್ತ, ಡೀಸೆಲಿಗೆ ಚೌಕ. ಅಕ್ಷರ ಬಾರದವರಿಗೂ ಆಕೃತಿ ತಿಳಿಯುತ್ತದೆ. ಊರ ಫಲಕವನ್ನು ಒಂದು ಭಾಷೆಯಲ್ಲಿ, ಸರ್ಕಾರಿ ಅರ್ಜಿಯನ್ನು ಇನ್ನೊಂದು ಭಾಷೆಯಲ್ಲಿ ಓದುವ ಗಡಿನಾಡಿನವರಿಗೆ ಈ ವ್ಯವಸ್ಥೆಯ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಚಾಲಕನಿರುವ ಗಾಡಿ: ಕಿಲೋಮೀಟರೋ, ದಿನಗೂಲಿಯೋ?

ನಮ್ಮಲ್ಲಿ ಹೆಚ್ಚಿನವರು ಗೊತ್ತು ಮಾಡುವುದು ಚಾಲಕ ಸಹಿತ ವಾಹನವನ್ನು. ಇಲ್ಲಿ ಎರಡು ಬಗೆಯ ಒಪ್ಪಂದ ಕಾಣುತ್ತೇವೆ. ಒಂದು, ಡೀಸೆಲ್ ಸೇರಿಸಿ ಕಿಲೋಮೀಟರಿಗೆ ಇಷ್ಟು; ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಎಂಬ ಷರತ್ತಿನೊಡನೆ. ಇನ್ನೊಂದು, ದಿನಕ್ಕೆ ಇಷ್ಟು ಬಾಡಿಗೆ, ಡೀಸೆಲ್ ನಿಮ್ಮದು.

ಎರಡು ದಿನದ ಪ್ರವಾಸದಲ್ಲಿ ಓಡುವುದು 420 ಕಿ.ಮೀ. ಎಂದು ಭಾವಿಸಿ. ಕಿ.ಮೀ.ಗೆ 16 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿ.ಮೀ. ಎಂದಿದ್ದರೆ ಓಡದ 180 ಕಿ.ಮೀ. ಸೇರಿಸಿ 600ಕ್ಕೆ 9,600 ರೂಪಾಯಿ ತೆರಬೇಕು. ದಿನದ ಬಾಡಿಗೆ 2,500 ಇದ್ದು ಗಾಡಿ ಲೀಟರಿಗೆ 12 ಕಿ.ಮೀ. ಓಡಿದರೆ, 5,000 ಬಾಡಿಗೆಗೆ 35 ಲೀಟರ್ ಡೀಸೆಲಿನ 3,500 ಸೇರಿ 8,500 ಆಗುತ್ತದೆ. ದರಗಳು ಬದಲಾದರೆ ಫಲವೂ ಬದಲಾಗುತ್ತದೆ. ಎರಡನ್ನೂ ಲೆಕ್ಕ ಹಾಕಿಯೇ ಒಪ್ಪಬೇಕು. ಕಿಲೋಮೀಟರ್ ಎಣಿಕೆ ನಿಮ್ಮ ಮನೆಯಿಂದಲೋ, ಮಾಲೀಕರ ಶೆಡ್ಡಿನಿಂದಲೋ ಎಂಬುದನ್ನೂ ಮೊದಲೇ ಕೇಳಬೇಕು.

'ಡೀಸೆಲ್ ನಿಮ್ಮದು' ಎಂಬ ಒಪ್ಪಂದದಲ್ಲಿ ಗಾಡಿ ಎಷ್ಟು ಸುಟ್ಟಿತೆಂಬುದೇ ಸಂಶಯದ ಮೂಲ. ಇದಕ್ಕೂ ಬಟ್ಟಲಿನ ನ್ಯಾಯವೇ ಪರಿಹಾರ. ಹೊರಡುವಾಗ ಮೊದಲ ಪಂಪಿನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿರಿ. ಮೊದಲೇ ಖಾಲಿಯಿದ್ದ ಭಾಗದ ಹಣ ಮಾಲೀಕರದು. ದಾರಿಯಲ್ಲಿ ಹಾಗೂ ಮರಳಿದ ಮೇಲೆ ಮತ್ತೆ ಪೂರ್ತಿ ತುಂಬಿಸಿದ ಲೀಟರುಗಳ ಮೊತ್ತವೇ ನಿಮ್ಮ ನಿಜವಾದ ಖರ್ಚು.

ಗಡಿ ದಾಟುವವರು ದರದ ವ್ಯತ್ಯಾಸವನ್ನೂ ಗಮನಿಸಬೇಕು. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿಗೆ ಒಳಪಟ್ಟಿಲ್ಲ. ಪ್ರತಿ ರಾಜ್ಯ ತನ್ನದೇ ಮಾರಾಟ ತೆರಿಗೆ ವಿಧಿಸುತ್ತದೆ. 2025ರ ಏಪ್ರಿಲ್ 1ರಂದು ಕರ್ನಾಟಕ ಡೀಸೆಲ್ ಮೇಲಿನ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದಾಗ ಅಲ್ಲಿ ಲೀಟರಿಗೆ 2 ರೂಪಾಯಿ ಹೆಚ್ಚಿತು; ಮಹಾರಾಷ್ಟ್ರದ ಬದಿಯಲ್ಲಿ ಆ ಏರಿಕೆ ಇರಲಿಲ್ಲ. ಹೀಗಾಗಿ ಬಾಯಿಮಾತಿನ ದರವನ್ನು ಒಪ್ಪದೆ, ಪಂಪಿನ ರಸೀದಿಯಲ್ಲಿರುವ ದರವೇ ಪ್ರಮಾಣವೆಂದು ನಿಶ್ಚಯಿಸಿಕೊಳ್ಳುವುದು ಲೇಸು. ಟೋಲ್, ಪರರಾಜ್ಯದ ಪರವಾನಗಿ, ಚಾಲಕರ ಭತ್ಯೆ ಯಾರ ಹೊಣೆ ಎಂಬುದೂ ಬರೆಹದಲ್ಲಿರಲಿ.

ನಂಬರ್ ಫಲಕವನ್ನೂ ನೋಡಿರಿ. ಬಾಡಿಗೆಯ ಟ್ಯಾಕ್ಸಿಗೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರ. ತಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಬಿಳಿ ಫಲಕದ ಖಾಸಗಿ ಗಾಡಿ ಅಗ್ಗವೆಂದು ಬಾಡಿಗೆಗೆ ಪಡೆದರೆ, ಅಪಘಾತವಾದಾಗ ವಿಮೆಯ ಪರಿಹಾರಕ್ಕೆ ತೊಡಕಾಗಬಹುದು. ಡೀಸೆಲಿನಲ್ಲಿ ಉಳಿಸಿದ ಹಣ ಆಗ ಯಾವ ಲೆಕ್ಕಕ್ಕೂ ಬಾರದು.

ಮಕ್ಕಳ ಕೈಗೆ ಕೊಡಿ

ಗಾಡಿ ಪಡೆಯುವಾಗ ಹಾಗೂ ಮರಳಿಸುವಾಗ ಇಂಧನದ ಮುಳ್ಳು, ಕಿಲೋಮೀಟರ್ ಅಂಕಿ ಎರಡೂ ಕಾಣುವಂತೆ ಫೋಟೋ ತೆಗೆಯಿರಿ. ಎಲ್ಲ ರಸೀದಿಗಳನ್ನೂ ಒಂದು ಲಕೋಟೆಯಲ್ಲಿಡಿ. ಕರಾರು ಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಅರ್ಥವಾಗದೆ ಸಹಿ ಹಾಕಬೇಡಿ, ಓದಿಸಿ ಕೇಳಿರಿ. ನಮ್ಮ ಶಾಲೆಗಳ ಮಕ್ಕಳು ಕನ್ನಡದೊಡನೆ ಆ ಎರಡು ಭಾಷೆಗಳನ್ನೂ ಕಲಿಯುತ್ತಿದ್ದಾರೆ. ಏಳನೆಯ ತರಗತಿಯ ಮಗುವಿಗೆ ಪತ್ರವನ್ನು ಕೊಟ್ಟು, ಕನ್ನಡದಲ್ಲಿ ಹೇಳಿಸಿ, ಇಂಧನದ ಲೆಕ್ಕವನ್ನು ಅದರಿಂದಲೇ ಮಾಡಿಸಿರಿ. ಕನ್ನಡ ಮಾಧ್ಯಮದಲ್ಲಿ ಕಲಿತರೆ ಹೊರಗಿನ ವ್ಯವಹಾರ ತಿಳಿಯದು ಎನ್ನುವವರಿಗೆ, ಮಗು ಬರೆದ ಆ ಒಂದು ಹಾಳೆಯನ್ನು ತೋರಿಸಿದರೆ ಸಾಕು.