ಕೆಚ್ಚಲು ಬಾವು: ಉರಿಯೂತ ಏರುವುದು, ಇಳಿಯುವುದು ಹೇಗೆ?

ಬೆಂಗಳೂರಿನ ಪಶ್ಚಿಮಕ್ಕೆ ಕೆಂಗೇರಿ, ರಾಮೋಹಳ್ಳಿ, ಕುಂಬಳಗೋಡಿನ ಕಡೆ ಬಡಾವಣೆಗಳ ನಡುವೆಯೂ ಮಿಶ್ರತಳಿ ಹಸು ಸಾಕಿ ಹಾಲು ಮಾರುವ ಕುಟುಂಬಗಳಿವೆ. ಇಂಥ ಹಸುಗಳನ್ನು ಕಾಡುವ ರೋಗಗಳಲ್ಲಿ ಕೆಚ್ಚಲು ಬಾವು ಮುಖ್ಯವಾದುದು. ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಬಾವು ಬಂದ ಭಾಗ ಗಟ್ಟಿಯಾಗಿ, ಆ ಮೊಲೆಯಲ್ಲಿ ಹಾಲು ಶಾಶ್ವತವಾಗಿ ಬತ್ತಬಹುದು. ಈ ಹಾನಿಗೆ ರೋಗಾಣುವಷ್ಟೇ ಅಲ್ಲ, ಹಸುವಿನ ದೇಹದಲ್ಲೇ ಏಳುವ ಉರಿಯೂತವೂ ಕಾರಣ.

ಬಾವು ಏಕೆ?

ಮೊಲೆಯ ತುದಿಯಿಂದ ರೋಗಾಣು ಒಳಹೊಕ್ಕಾಗ ಅಲ್ಲಿನ ಜೀವಕೋಶಗಳು ಟಿ.ಎನ್.ಎಫ್. ಮುಂತಾದ ಸಸಾರಜನಕಗಳನ್ನು ತಯಾರಿಸಿ ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಕೆಚ್ಚಲು ಕೆಂಪೇರಿ, ಬಿಸಿಯಾಗಿ, ಊದಿಕೊಳ್ಳುತ್ತದೆ. ಇದು ದೇಹದ ರಕ್ಷಣೆಯೇ ಹೌದು. ಆದರೆ ಅತಿಯಾದರೆ ಹಾಲು ತಯಾರಿಸುವ ಕೋಶಗಳೇ ಹಾಳಾಗುತ್ತವೆ.

ತಡೆ ಎಲ್ಲಿದೆ?

ಸಸಾರಜನಕ ತಯಾರಾಗಲು ವಂಶವಾಹಿಯಿಂದ ಒಂದು ಆಜ್ಞಾಪತ್ರ ಹೊರಡಬೇಕು. ಇದೇ ಸಂದೇಶವಾಹಕ ಆರ್.ಎನ್.ಎ. ಆಜ್ಞಾಪತ್ರ ಉಳಿದಿರುವಷ್ಟು ಹೊತ್ತು ತಯಾರಿಕೆ ನಡೆಯುತ್ತದೆ. ಟಿ.ಎನ್.ಎಫ್.ನ ಆಜ್ಞಾಪತ್ರದ ಕೊನೆಯ ಭಾಗದಲ್ಲಿ ಒಂದು ವಿಶೇಷ ಗುರುತಿದೆ. ಟಿ.ಟಿ.ಪಿ. ಎಂಬ ಸಸಾರಜನಕ ಈ ಗುರುತಿಗೆ ಅಂಟಿಕೊಂಡು, ಆಜ್ಞಾಪತ್ರದ ಬಾಲ ಕತ್ತರಿಸುವ ಕಿಣ್ವಗಳನ್ನು ಕರೆತರುತ್ತದೆ. ಬಾಲ ಕಳೆದುಕೊಂಡ ಆಜ್ಞಾಪತ್ರ ಬೇಗ ನಾಶವಾಗುತ್ತದೆ. ಹ್ಯೂ-ಆರ್ ಎಂಬ ಇನ್ನೊಂದು ಸಸಾರಜನಕ ಇಂಥದೇ ಗುರುತಿಗೆ ಅಂಟಿ ಆಜ್ಞಾಪತ್ರವನ್ನು ಕಾಪಾಡುತ್ತದೆ.

ರೋಗಾಣುವಿನ ಕಾಟ ಜೋರಾಗಿದ್ದಾಗ ಟಿ.ಟಿ.ಪಿ.ಗೆ ರಂಜಕದ ಅಂಶ ಸೇರಿ ಅದರ ಕೆಲಸ ಕುಂದುತ್ತದೆ. ಕಾಟ ತಗ್ಗಿದಾಗ ಆ ಅಂಶ ಕಳಚಿ ಅದು ಚುರುಕಾಗುತ್ತದೆ. ಗದ್ದೆಗೆ ನೀರು ಸಾಕಾದಾಗ ನೀರುಗಂಟಿ ತೂಬು ಮುಚ್ಚುವ ಹಾಗೆ.

ಈ ತಡೆಯ ಮಹತ್ವ 1996ರಲ್ಲಿ ಅಮೆರಿಕದ ಪ್ರಯೋಗದಿಂದ ತಿಳಿಯಿತು. ಟಿ.ಟಿ.ಪಿ. ಇಲ್ಲದ ಇಲಿಮರಿಗಳು ಹುಟ್ಟುವಾಗ ಚೆನ್ನಾಗಿದ್ದರೂ ಕೆಲವೇ ವಾರಗಳಲ್ಲಿ ಬಡಕಲಾದವು. ಅವುಗಳ ಕೀಲು, ಚರ್ಮಗಳಲ್ಲಿ ಉರಿಯೂತ ಕಾಣಿಸಿತು. ಟಿ.ಎನ್.ಎಫ್. ತಡೆಯುವ ಮದ್ದು ಕೊಟ್ಟಾಗ ತೊಂದರೆ ಬಹುಮಟ್ಟಿಗೆ ತಪ್ಪಿತು. ಟಿ.ಟಿ.ಪಿ. ದನಕರುಗಳಲ್ಲೂ ಇದೆ.

ರೈತರು ಏನು ಮಾಡಬೇಕು?

ರೋಗಾಣು ಉಳಿದಿರುವವರೆಗೆ ದೇಹ ತನ್ನ ಉರಿಯೂತವನ್ನು ಪೂರ್ತಿ ಇಳಿಸಲಾರದು. ಆದ್ದರಿಂದ:

1. ಪ್ರತಿ ಮೊಲೆಯ ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಕರೆದು, ಗರಣೆ ಇದೆಯೇ ನೋಡಬೇಕು.

2. ಗರಣೆ ಅಥವಾ ಊತ ಕಂಡ ದಿನವೇ ಪಶುವೈದ್ಯರನ್ನು ಕಾಣಬೇಕು. ಊತ ಇಳಿಯಿತೆಂದು ಔಷಧಿಯನ್ನು ನಡುವೆ ನಿಲ್ಲಿಸಬಾರದು.

3. ರೋಗವಿರುವ ಹಸುವನ್ನು ಕೊನೆಯಲ್ಲಿ ಕರೆಯಬೇಕು. ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮಾರಬಾರದು.

4. ಕರೆದ ನಂತರ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸುವಿಗೆ ಮೇವು ಹಾಕಿ ಅರ್ಧ ಗಂಟೆಯಾದರೂ ನಿಲ್ಲಿಸಬೇಕು. ಅಷ್ಟರಲ್ಲಿ ಮೊಲೆಯ ತೂತು ಬಿಗಿಯಾಗಿ ರೋಗಾಣುವಿನ ದಾರಿ ಕಿರಿದಾಗುತ್ತದೆ.