ನಾಳೆಗೂ ಫಿಲ್ಮು ದೊರೆತೀತೆ?

ಚಿಕ್ಕಬಳ್ಳಾಪುರ ಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು ನೆನೆದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಮೂರ್ತಿ ಯಾವುದು? ಮೈಸೂರು ಪೇಟ, ಕತ್ತಿನ ಟೈ, ಒಂದು ಸುಕ್ಕೂ ಇಲ್ಲದ ಕೋಟು, ಎಲ್ಲವೂ ಕಪ್ಪು-ಬಿಳುಪಿನಲ್ಲಿ. ಮಾಸ್ತಿಯವರ ಮುಗುಳುನಗೆಯಾಗಲಿ, ಡಿ.ವಿ.ಜಿ.ಯವರ ಗಾಂಭೀರ್ಯವಾಗಲಿ, ಬೇಂದ್ರೆಯವರ ಕಣ್ಣಿನ ಹೊಳಪಾಗಲಿ ನಮ್ಮ ಪೀಳಿಗೆಗೆ ಬಂದು ಸೇರಿದುದು ಹೆಚ್ಚಾಗಿ ಕಪ್ಪು-ಬಿಳುಪಿನ ಛಾಯಾಚಿತ್ರಗಳ ಮೂಲಕವೇ. ಜಿಲಟಿನ್ನಿನ ತೆಳು ಪೊರೆಯೊಳಗೆ ಹುದುಗಿದ ಬೆಳ್ಳಿಯ ಕಣಗಳು ಈ ನೆನಪುಗಳನ್ನೆಲ್ಲ ಹೊತ್ತು ತಂದಿವೆ.

ಆ ಬೆಳ್ಳಿಯ ವಿದ್ಯೆಯನ್ನು ಇಂದಿಗೂ ಕೈಬಿಡದವರು ನಮ್ಮ ನಾಡಿನಲ್ಲಿದ್ದಾರೆ. ಅಜ್ಜನ ಕ್ಯಾಮರಾವನ್ನು ಪೆಟ್ಟಿಗೆಯಿಂದ ತೆಗೆದು ಒರೆಸಿಕೊಂಡ ಕಾಲೇಜು ವಿದ್ಯಾರ್ಥಿಗಳಿದ್ದಾರೆ, ಬಿಡುವಿನ ದಿನ ಸ್ನಾನದ ಮನೆಯನ್ನೇ ಕತ್ತಲೆಯ ಕೋಣೆಯಾಗಿ ಮಾಡಿಕೊಳ್ಳುವ ಅಧ್ಯಾಪಕರಿದ್ದಾರೆ. ಇವರೆಲ್ಲರೂ ಮೊದಲು ಕೇಳುವ ಪ್ರಶ್ನೆ: ಯಾವ ಫಿಲ್ಮು ಒಳ್ಳೆಯದು, ಯಾವ ಡೆವಲಪರ್ ಒಳ್ಳೆಯದು? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಇಂದು ಆರಿಸಿಕೊಂಡದ್ದು ನಾಳೆಗೂ ದೊರೆತೀತೆ? ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯಂಥ ಊರಿನಲ್ಲಿರುವವನಿಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಅವನು ಫಿಲ್ಮನ್ನು ಬೆಂಗಳೂರಿನಿಂದಲೋ ಅಂಚೆಯ ಮೂಲಕವೋ ತರಿಸಬೇಕು. ತರಿಸುವ ವಸ್ತು ತಯಾರಾಗುವುದೇ ನಿಂತುಹೋದರೆ, ಕಲಿತ ಕೈ ಬರಿದಾಗಿ ಕುಳಿತುಕೊಳ್ಳಬೇಕಾಗುತ್ತದೆ.

ಉದಕಮಂಡಲದ ಪಾಠ

ಈ ಆತಂಕ ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಚ್ಚಾ ಫಿಲ್ಮಿನ ಆಮದು ಕುಗ್ಗಿದಾಗ, ಚಲನಚಿತ್ರವೊಂದು 11,000 ಅಡಿಗಳನ್ನು ಮೀರಬಾರದೆಂದು ಸರ್ಕಾರ ಮಿತಿಯನ್ನು ವಿಧಿಸಬೇಕಾಯಿತು. ಸ್ವಾತಂತ್ರ್ಯಾನಂತರ ವಿದೇಶೀ ವಿನಿಮಯದ ಕೊರತೆ ತಲೆದೋರಿತು. ಫಿಲ್ಮಿಗಾಗಿ ಪರದೇಶಗಳ ಮುಖ ನೋಡುವುದು ತಪ್ಪಬೇಕೆಂಬ ಆಶಯದಿಂದ ಕೇಂದ್ರ ಸರ್ಕಾರ 1960ರಲ್ಲಿ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ನಮ್ಮ ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ ಏರಿದರೆ ಸಿಕ್ಕುವ ಉದಕಮಂಡಲದ ಬಳಿ ಕಾರ್ಖಾನೆ ಎದ್ದಿತು. ತಂಪಾದ, ಧೂಳಿಲ್ಲದ ಗಾಳಿ ಈ ಉದ್ಯಮಕ್ಕೆ ಬೇಕಾದ ಮೊದಲ ಸಾಮಗ್ರಿ. ಫ್ರಾನ್ಸಿನ ಬೋಷೆ ಸಂಸ್ಥೆಯ ತಾಂತ್ರಿಕ ನೆರವಿನಿಂದ 1967ರಲ್ಲಿ ಉತ್ಪಾದನೆ ಮೊದಲಾಯಿತು. ಆ ಫಿಲ್ಮಿಗೆ ಇಟ್ಟ ಹೆಸರು 'ಇಂದು', ಎಂದರೆ ಚಂದ್ರ. ರೋಲ್ ಫಿಲ್ಮು, ಬ್ರೋಮೈಡ್ ಕಾಗದ, ಸಿನಿಮಾ ಪ್ರತಿಗಳ ಫಿಲ್ಮು, ಆಸ್ಪತ್ರೆಗಳ ಎಕ್ಸ್-ರೇ ಫಿಲ್ಮುಗಳು ಅಲ್ಲಿಂದ ದೇಶದೆಲ್ಲೆಡೆಗೆ ಹೋದವು.

ಆದರೆ ಜಗತ್ತು ಬಣ್ಣದತ್ತ ಹೊರಳಿತು. ಅನಂತರ ಫಿಲ್ಮನ್ನೇ ಬಿಟ್ಟು ಡಿಜಿಟಲ್ ಕ್ಯಾಮರಾದತ್ತ ನಡೆಯಿತು. ತೊಂಬತ್ತರ ದಶಕದಲ್ಲಿಯೇ ಉದಕಮಂಡಲದ ಕಾರ್ಖಾನೆ ರೋಗಗ್ರಸ್ತವೆನಿಸಿಕೊಂಡಿತು. 2014ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟದ ಸಮಿತಿ ಒಪ್ಪಿಗೆಯಿತ್ತಿತು. 'ಇಂದು' ಅಸ್ತಂಗತವಾಯಿತು. ಸ್ವದೇಶೀ ಎಂಬ ಒಂದೇ ಕಾರಣದಿಂದ ಯಾವ ವಸ್ತುವೂ ಶಾಶ್ವತವಲ್ಲವೆಂಬ ಕಹಿ ಪಾಠವನ್ನು ಅದು ಕಲಿಸಿಹೋಯಿತು.

ಹೊರಗಿನ ಹೆಸರುವಾಸಿ ಸಂಸ್ಥೆಗಳ ಗತಿಯೂ ಹೆಚ್ಚು ಬೇರೆಯಾಗಿರಲಿಲ್ಲ. ಇಂಗ್ಲೆಂಡಿನ ಇಲ್ಫರ್ಡ್ 2004ರಲ್ಲಿ ದಿವಾಳಿಯ ಅಂಚಿಗೆ ಬಂದಿತು. ಜರ್ಮನಿಯ ಆಗ್ಫಾ ಫೋಟೋ 2005ರಲ್ಲಿ ಕುಸಿಯಿತು. ಅದೇ ವರ್ಷ ಕೊಡಾಕ್ ಕಪ್ಪು-ಬಿಳುಪು ಕಾಗದದ ತಯಾರಿಕೆಯನ್ನು ಕೈಬಿಟ್ಟಿತು. 2011ರಲ್ಲಿ ಅದರ ಪ್ಲಸ್-ಎಕ್ಸ್ ಫಿಲ್ಮು ನಿಂತಿತು. 2012ರ ಜನವರಿಯಲ್ಲಿ ಕೊಡಾಕ್ ತಾನೇ ನ್ಯಾಯಾಲಯದ ರಕ್ಷಣೆಯನ್ನು ಕೋರಿತು. ಆದರೆ ಕತೆ ಅಲ್ಲಿಗೇ ಮುಗಿಯಲಿಲ್ಲ. ಇಲ್ಫರ್ಡಿನ ವ್ಯವಸ್ಥಾಪಕರೇ 2005ರಲ್ಲಿ ಅದರ ಕಪ್ಪು-ಬಿಳುಪು ವಿಭಾಗವನ್ನು ಕೊಂಡು ಹಾರ್ಮನ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. 2018ರಲ್ಲಿ ನಿಂತುಹೋದ ಜಪಾನಿನ ಫೂಜಿ ಆಕ್ರಾಸ್ ಮರುವರ್ಷವೇ ಹೊಸ ರೂಪದಲ್ಲಿ ಮರಳಿತು. 1921ರಲ್ಲಿ ಸ್ಥಾಪಿತವಾದ ಚೆಕ್ ದೇಶದ ಫೋಮಾ ಯುದ್ಧ, ಆಡಳಿತ ಬದಲಾವಣೆಗಳನ್ನೆಲ್ಲ ದಾಟಿ ಇಂದಿಗೂ ಫಿಲ್ಮನ್ನು ತಯಾರಿಸುತ್ತಿದೆ. ದೊಡ್ಡ ಹೆಸರು ಬಾಳಿಕೆಯ ಭರವಸೆಯಲ್ಲ. ಕೊಳ್ಳುವವರು ಕೊಳ್ಳುತ್ತಿರುವವರೆಗೆ, ಸಣ್ಣ ಮಟ್ಟದಲ್ಲಿಯೂ ಲಾಭ ಕಾಣಬಲ್ಲವನು ಬಾಳುತ್ತಾನೆ.

ಕಾರ್ಖಾನೆಯದು, ಅಡುಗೆಮನೆಯದು

ಹೀಗಿರುವಲ್ಲಿ ಆಯ್ಕೆ ಮಾಡುವುದು ಹೇಗೆ? ಮೊದಲು ಒಂದು ಭೇದವನ್ನು ಸ್ಪಷ್ಟವಾಗಿ ತಿಳಿಯಬೇಕು. ಫಿಲ್ಮು ಕಾರ್ಖಾನೆಯ ವಸ್ತು. ಡೆವಲಪರ್ ಅಡುಗೆಮನೆಯ ವಸ್ತು. ಫಿಲ್ಮನ್ನು ಮನೆಯಲ್ಲಿ ಮಾಡುವ ಮಾತೇ ಇಲ್ಲ. ಬೆಳ್ಳಿಯ ಲವಣಗಳನ್ನು ಜಿಲಟಿನ್ನಿನಲ್ಲಿ ಬೆಳೆಸಿ, ಕೂದಲೆಳೆಗಿಂತ ತೆಳುವಾಗಿ, ಮೈಲುಗಟ್ಟಲೆ ಒಂದೇ ಸಮನಾಗಿ, ಕಗ್ಗತ್ತಲಿನಲ್ಲಿ ಬಳಿಯಬೇಕು. ಜಿಲಟಿನ್ನಿನಲ್ಲಿಯೂ ಎಂಥ ಸೂಕ್ಷ್ಮಗಳಿವೆಯೆಂದರೆ, ಸಾಸಿವೆ ಜಾತಿಯ ಗಿಡಗಳಲ್ಲಿರುವ ಗಂಧಕದ ಅಂಶ ದನದ ಮೂಲಕ ಜಿಲಟಿನ್ನಿಗೆ ಲೇಶಮಾತ್ರ ಸೇರಿದರೂ ಫಿಲ್ಮಿನ ಬೆಳಕಿನ ಗ್ರಹಣಶಕ್ತಿ ಹೆಚ್ಚುವುದೆಂಬುದನ್ನು ಕೊಡಾಕ್ ಸಂಸ್ಥೆಯ ವಿಜ್ಞಾನಿ ಷೆಪರ್ಡ್ 1925ರ ಸುಮಾರಿಗೆ ಕಂಡುಕೊಂಡನು. ಇಂಥ ವಿದ್ಯೆಗೆ ನಾವು ಪರಾಧೀನರೇ.

ಡೆವಲಪರಿನ ವಿಷಯ ಹಾಗಲ್ಲ. ಬೆಳಕು ಬಿದ್ದ ಕಣಗಳನ್ನು ಲೋಹದ ಬೆಳ್ಳಿಯಾಗಿ ಮಾರ್ಪಡಿಸುವ ಈ ದ್ರಾವಣದ ಸೂತ್ರಗಳು ಎಂದೋ ಬಹಿರಂಗವಾಗಿವೆ. ಎಲ್ಲಕ್ಕಿಂತ ಹೆಸರಾದ ಡಿ-76 ಕೊಡಾಕ್ ಸಂಸ್ಥೆಯಲ್ಲಿ 1927ರಲ್ಲಿ ಸಿನಿಮಾ ಕೆಲಸಕ್ಕಾಗಿ ಹುಟ್ಟಿತು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ. ಇಷ್ಟೇ ಅದರ ಗುಟ್ಟು. ಬಿಸಿಯಾದ ನೀರಿನಲ್ಲಿ ಮೊದಲು ಚಿಟಿಕೆ ಸಲ್ಫೈಟ್, ಅನಂತರ ಮೆಟಾಲ್, ಆಮೇಲೆ ಉಳಿದವನ್ನು ಕ್ರಮವಾಗಿ ಕರಗಿಸಬೇಕು. ಸಲ್ಫೈಟನ್ನು ಪೂರ್ತಿ ಹಾಕಿದ ಮೇಲೆ ಮೆಟಾಲ್ ಸರಿಯಾಗಿ ಕರಗದು. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗದು. ಆದುದರಿಂದ ಕೈಗವಸು ಬೇಕು, ಈ ಪಾತ್ರೆಗಳು ಅಡುಗೆಗೆ ಮರಳಬಾರದು. ಇಲ್ಫರ್ಡಿನ ಐಡಿ-11 ಎಂಬುದೂ ಬಹುಮಟ್ಟಿಗೆ ಇದೇ ಸೂತ್ರ. ಎಂದ ಮೇಲೆ ಒಂದು ಸಂಸ್ಥೆ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿದರೂ ಡಿ-76 ಸಾಯುವುದಿಲ್ಲ. ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರು ಒಂದು ತಕ್ಕಡಿಯಿಂದ ಅದನ್ನು ಬದುಕಿಸಿಕೊಳ್ಳಬಲ್ಲರು.

ಇನ್ನೊಂದು ದಾರಿ ರೋಡಿನಾಲ್. 1891ರಷ್ಟು ಹಿಂದೆಯೇ ಜರ್ಮನಿಯ ಆಂಡ್ರೆಸೆನ್ ರೂಪಿಸಿದ ಈ ದ್ರಾವಣ ಇಂದು ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುತ್ತಿದೆ. ಗಟ್ಟಿ ದ್ರಾವಣದ ಒಂದು ಪಾಲಿಗೆ ಐವತ್ತು ಪಾಲು ನೀರು ಬೆರೆಸಿದರೂ ಕೆಲಸ ಮಾಡುತ್ತದೆ. ಸೀಸೆಯಲ್ಲಿ ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ. ಆದರೆ ಬೆಳ್ಳಿಯ ಕಣಗಳನ್ನು ಅದು ಮರೆಮಾಡುವುದಿಲ್ಲ; ವೇಗದ ಫಿಲ್ಮಿನಲ್ಲಿ ಚಿತ್ರ ಮರಳು ಮರಳಾಗಿ ಕಾಣುವುದು. ತಿಂಗಳಿಗೊಂದು ಸುರುಳಿಯನ್ನು ತೊಳೆಯುವ ಒಂಟಿ ಹವ್ಯಾಸಿಗೆ ರೋಡಿನಾಲ್ ಒಪ್ಪುತ್ತದೆ. ಹತ್ತು ಜನ ಕೂಡಿ ಕಲಿಯುವ ಕಾಲೇಜಿಗೆ ಡಿ-76 ಲೇಸು. ಇವೆರಡೂ ಕೈಕೊಟ್ಟರೆ ಏನು ಗತಿಯೆಂದು ಹೆದರುವವರಿಗೆ ಮೂರನೆಯದೊಂದಿದೆ: 1995ರಲ್ಲಿ ಅಮೆರಿಕದ ರಾಚೆಸ್ಟರಿನ ವಿದ್ಯಾರ್ಥಿಗಳು ಇನ್‌ಸ್ಟಂಟ್ ಕಾಫಿಯ ಪುಡಿ, ಬಟ್ಟೆ ಒಗೆಯುವ ಸೋಡಾ ಬೆರೆಸಿ ಫಿಲ್ಮು ತೊಳೆದು ತೋರಿಸಿದರು. ಮುಂದೆ ಅದಕ್ಕೆ ವಿಟಮಿನ್ ಸಿ ಕೂಡ ಸೇರಿತು. ಚಿಕ್ಕಮಗಳೂರು, ಕೊಡಗುಗಳಿರುವ ನಾಡಿನಲ್ಲಿ ಕಾಫಿಗೆ ಬರಗಾಲವಿಲ್ಲ! ನೆಗೆಟಿವಿನಲ್ಲಿ ಕಂದು ಛಾಯೆ ಉಳಿಯುವುದುಂಟು. ಆದರೂ ಆಪತ್ತಿಗೆ ಇದು ಆದೀತು.

ಬಯಲುಸೀಮೆಯಲ್ಲಿ ನೀರಿನ ವಿಚಾರವೂ ಉಂಟು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನದಿಯ ನೀರಿಲ್ಲದ ಹಳ್ಳಿಗಳಿಗೆ ಆಳದ ಕೊಳವೆ ಬಾವಿಯೇ ಗತಿ; ಅದರ ಗಡಸು ನೀರು ಸೋಪಿಗೆ ನೊರೆ ಕೊಡದಂತೆ ಡೆವಲಪರಿನಲ್ಲಿಯೂ ಗಸಿ ಬಿಡುತ್ತದೆ, ಒಣಗಿದ ನೆಗೆಟಿವಿನ ಮೇಲೆ ಸುಣ್ಣದ ಚುಕ್ಕೆ ಬಿಡುತ್ತದೆ. ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರನ್ನು ಡೆವಲಪರ್ ಕಲಸಲು, ಕೊನೆಯ ಒಂದು ತೊಳೆತಕ್ಕೆ ಬಳಸಿದರೆ ಸಾಕು. ಶಾಖದ ಉಪಾಯವೂ ಸುಲಭ. ಪುಸ್ತಕಗಳು 20 ಡಿಗ್ರಿ ಸೆಲ್ಸಿಯಸ್ ಎನ್ನುತ್ತವೆ. ವೈಶಾಖದಲ್ಲಿ ಅದು ಸಿಕ್ಕದು. ಸೀಸೆಗಳನ್ನು ಮಣ್ಣಿನ ಮಡಕೆಯ ನೀರಿನಲ್ಲಿ ನಿಲ್ಲಿಸಿದರೆ ಕೆಲವು ಡಿಗ್ರಿ ಇಳಿಯುತ್ತದೆ. ಮಿಕ್ಕದ್ದನ್ನು ಕಾಲದಲ್ಲಿ ಕಡಿಮೆ ಮಾಡಿಕೊಳ್ಳಬೇಕು. ಸಮಪಾಲು ನೀರು ಬೆರೆಸಿದ ಐಡಿ-11ರಲ್ಲಿ ಇಲ್ಫರ್ಡ್ ಎಚ್‌ಪಿ-5 ಪ್ಲಸ್ ಫಿಲ್ಮಿಗೆ 20 ಡಿಗ್ರಿಯಲ್ಲಿ 13 ನಿಮಿಷ ಬೇಕಾದರೆ, 24 ಡಿಗ್ರಿಯಲ್ಲಿ ಸುಮಾರು 9 ನಿಮಿಷ ಸಾಕು.

ಒಂದನ್ನು ನೆಲೆಗೊಳಿಸಿ

ಇನ್ನು ಫಿಲ್ಮು. ಇದನ್ನು ಆರಿಸುವುದಕ್ಕೆ ಮುಂಚೆ ಏನನ್ನು ಚಿತ್ರಿಸಬೇಕೆಂಬುದನ್ನು ಕೇಳಿಕೊಳ್ಳುವುದು ವಿವೇಕ. ಜಂಗಮಕೋಟೆಯ ಸುತ್ತ ರೇಷ್ಮೆಯ ಬಾಳುವೆ ಇದೆ: ಬಿಸಿಲಲ್ಲಿ ಹಿಪ್ಪುನೇರಳೆ ತೋಟ, ಅರೆಗತ್ತಲಿನ ಹುಳುಮನೆ, ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತಿರುವ ಹುಳು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ನೂಲು ತೆಗೆಯುವ ಮನೆಗಳ ಹಬೆ. ತೋಟಕ್ಕೆ 125ರ ವೇಗದ ನಯವಾದ ಫಿಲ್ಮು ಸಾಕು. ಹುಳುಮನೆಗೂ ಹಬೆಯ ಕೋಣೆಗೂ 400 ಬೇಕು. ಎರಡನ್ನೂ ಇಟ್ಟುಕೊಂಡು ಎರಡನ್ನೂ ಅರೆಬರೆ ಕಲಿಯುವುದಕ್ಕಿಂತ 400ರ ಒಂದೇ ಫಿಲ್ಮನ್ನು ಹಿಡಿದು, ಬಿಸಿಲಿನಲ್ಲಿ ಹಳದಿ ಫಿಲ್ಟರ್ ಹಾಕಿ, ಮಸೂರದ ಕಂಡಿಯನ್ನು ಕಿರಿದು ಮಾಡಿ ಬಳಸುವುದು ಮೇಲು. ಹಳದಿಯ ಗೂಡನ್ನೂ ಬಿಳಿಯ ಗೂಡನ್ನೂ ಕಪ್ಪು-ಬಿಳುಪಿನಲ್ಲಿ ಬೇರ್ಪಡಿಸುವುದು ಹೇಗೆಂದು ಕೇಳಿದರೆ, ಅದಕ್ಕೂ ಫಿಲ್ಟರೇ ಉತ್ತರ: ನೀಲಿ ಗಾಜಿನ ಮೂಲಕ ನೋಡಿದಾಗ ಹಳದಿ ಗೂಡು ಕಪ್ಪಾಗುತ್ತದೆ, ಬಿಳಿಯದು ಬಿಳಿಯದಾಗಿಯೇ ಉಳಿಯುತ್ತದೆ.

400ರ ವೇಗದಲ್ಲಿ ಇಲ್ಫರ್ಡಿನ ಎಚ್‌ಪಿ-5 ಪ್ಲಸ್, ಕೊಡಾಕಿನ ಟ್ರೈ-ಎಕ್ಸ್, ಫೋಮಾದ 400 ಹೀಗೆ ಮೂರು ದೇಶಗಳ ಮೂರು ಫಿಲ್ಮುಗಳಿವೆ. ಸ್ವಭಾವದಲ್ಲಿ ಭೇದವಿದ್ದರೂ ಒಂದು ಇಲ್ಲವಾದರೆ ಇನ್ನೊಂದು ಆ ಕೆಲಸವನ್ನು ತೂಗಿಸಬಲ್ಲುದು. ಯಾವುದಕ್ಕೆ ಬದಲಿ ಉಂಟೋ ಅದನ್ನೇ ಆರಿಸುವುದು ಜಾಣತನ. ಸಾಟಿಯಿಲ್ಲದ ಅಪರೂಪದ ಫಿಲ್ಮಿಗೆ ಮನಸೋತವನು ಅದು ನಿಂತ ದಿನ ಅನಾಥನಾಗುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಡೆವಲಪರನ್ನು ಬದಲಿಸಬಾರದು. ನಮ್ಮ ಕೈಯಲ್ಲಿರುವುದು ಅದೊಂದೇ. ಅದು ನೆಲೆ ನಿಂತಿದ್ದರೆ ಫಿಲ್ಮು ಬದಲಾದರೂ ಹೊಸದಾಗಿ ಕಲಿಯಬೇಕಾದುದು ಒಂದೇ ಸಂಗತಿ. ಎರಡೂ ಒಟ್ಟಿಗೆ ಬದಲಾದರೆ ತಪ್ಪು ಎಲ್ಲಿಂದ ಬಂದಿತೆಂಬುದೇ ತಿಳಿಯದು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರು ರಾತ್ರಿಯ ಹಕ್ಕಿಗಳನ್ನು ಕಪ್ಪು-ಬಿಳುಪಿನಲ್ಲಿ ಹಿಡಿದು, ಕತ್ತಲೆಯ ಕೋಣೆಯ ಕೆಲಸದಲ್ಲಿಯೂ ಹೆಸರಾಗಿ, 2017ರಲ್ಲಿ ತೀರಿಕೊಳ್ಳುವವರೆಗೆ ಅನೇಕ ಕಿರಿಯರಿಗೆ ದಾರಿ ತೋರಿದರು. ಅಂಥವರ ಸಾಧನೆಯ ಹಿಂದೆ ಇದ್ದುದು ಸಾಮಗ್ರಿಯ ವೈವಿಧ್ಯವಲ್ಲ, ಸಾಮಗ್ರಿಯ ಪರಿಚಯ.

ಭಯದಿಂದ ಫಿಲ್ಮನ್ನು ಕೂಡಿಡುವವರೂ ಇದ್ದಾರೆ. ಒಂದು ವರ್ಷಕ್ಕೆ ಬೇಕಾಗುವಷ್ಟನ್ನು ತಂಪುಪೆಟ್ಟಿಗೆಯಲ್ಲಿಟ್ಟುಕೊಂಡು, ಬಳಸುವ ಮುನ್ನ ಹೊರಗಿಟ್ಟು ಕೋಣೆಯ ಶಾಖಕ್ಕೆ ತಂದುಕೊಳ್ಳುವುದು ಮುಂದಾಲೋಚನೆಯೇ ಸರಿ. ಆದರೆ ಹತ್ತು ವರ್ಷದ ಸಂಗ್ರಹ ವ್ಯರ್ಥ. ತಂಪು ವಯಸ್ಸನ್ನು ನಿಧಾನಿಸುತ್ತದೆ. ಪ್ರಕೃತಿಯಲ್ಲಿ ಸದಾ ಇರುವ ವಿಕಿರಣವನ್ನು ತಡೆಯಲಾರದು. ವೇಗದ ಫಿಲ್ಮಿಗೆ ಮಬ್ಬು ಬೇಗ ಕವಿಯುತ್ತದೆ. ಮೇಲಾಗಿ, ಕೂಡಿಟ್ಟವನು ಈ ಹೊತ್ತು ಒಮ್ಮೆ ಕೊಂಡು ಅನಂತರ ಕೊಳ್ಳುವುದಿಲ್ಲ. ತಿಂಗಳು ತಿಂಗಳೂ ಒಂದೆರಡು ಸುರುಳಿ ಕೊಳ್ಳುವವನಿಂದಲೇ ಯಂತ್ರಗಳು ಓಡುತ್ತವೆ.

ಬಳಸದ ಫಿಲ್ಮು ಕೆಡುತ್ತದೆ. ಸರಿಯಾಗಿ ತೊಳೆದ ನೆಗೆಟಿವ್ ಬಾಳುತ್ತದೆ. ಬಣ್ಣದ ಕಾಲ ಬಂದಿದ್ದರೂ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು ಛಾಯಾಗ್ರಾಹಕ ಎಸ್. ರಾಮಚಂದ್ರ ಅವರು 1977ರಲ್ಲಿ ಕಪ್ಪು-ಬಿಳುಪಿನಲ್ಲಿ ಚಿತ್ರಿಸಿದರು. 47 ವರ್ಷಗಳ ಮೇಲೆ, 2024ರಲ್ಲಿ, ಮೂಲ ನೆಗೆಟಿವಿನಿಂದ ಜೀರ್ಣೋದ್ಧಾರಗೊಂಡ ಆ ಚಿತ್ರ ವೆನಿಸ್ಸಿನ ಉತ್ಸವದಲ್ಲಿ ತೆರೆ ಕಂಡಿತು. ಹೈಪೊ ಚೆನ್ನಾಗಿ ತೊಳೆದು, ಒಣಗಿಸಿ, ಧೂಳು-ತೇವ ತಾಗದಂತೆ ಲಕೋಟೆಯಲ್ಲಿಟ್ಟು ದಿನಾಂಕ ಬರೆದಿಟ್ಟರೆ ನಮ್ಮ ಊರಿನ ನೆಗೆಟಿವೂ ಹಾಗೆಯೇ ಉಳಿಯಬಲ್ಲುದು.

ಈಚಿನ ವರ್ಷಗಳಲ್ಲಿ ಜಂಗಮಕೋಟೆ ಹೋಬಳಿಯ ಹಳ್ಳಿಗಳಲ್ಲಿ ಕೈಗಾರಿಕಾ ಪ್ರದೇಶಕ್ಕಾಗಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾಪ ಎದ್ದು, ರೈತರಲ್ಲಿ ಪರ-ವಿರೋಧದ ಚರ್ಚೆ ನಡೆದುದನ್ನು ವಾಚಕರು ಬಲ್ಲರು. ಅದರ ನ್ಯಾಯಾನ್ಯಾಯದ ವಿಚಾರ ಬೇರೆ. ಆದರೆ ಹಿಪ್ಪುನೇರಳೆಯ ಸಾಲು, ಗೋಡೆಗೆ ಒರಗಿಸಿದ ಚಂದ್ರಿಕೆ, ಅದರ ಮುಂದೆ ಕುಳಿತ ಅಜ್ಜಿ, ಇವು ಯಾವ ಕಾರ್ಖಾನೆಯೂ ಮತ್ತೆ ತಯಾರಿಸಲಾರದ ವಸ್ತುಗಳು. ಫಿಲ್ಮಿನ ಅಭಾವಕ್ಕೆ ಅಂಜುವ ನಾವು ಚಿತ್ರಕ್ಕೆ ಬೇಕಾದ ಬಾಳುವೆಯ ಅಭಾವಕ್ಕೂ ಅಷ್ಟೇ ಅಂಜಬೇಕು. ಅಂಗಡಿಯಲ್ಲಿ ಇಂದು ಫಿಲ್ಮಿದೆ, ಊರಿನಲ್ಲಿ ಇಂದು ತೋಟವಿದೆ. ಕ್ಯಾಮರಾ ಇರುವವರು ಹೊರಡಲಿ.